ಅಜ್ಜ ಬರೆದ ಕೈಫಿಯತ್ತು, ನಾನು ಮಾಡಿದ ಲೆಕ್ಕ

ನಾನು ಹಡಗಿನವರ ಸಂಬಳದ ಲೆಕ್ಕ ಮಾಡುವವನು. ಮುಂಬಯಿಯಲ್ಲಿ ಬೇರೆಯವರ ಹಡಗುಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿದ್ದೇನೆ. ಒಂದೊಂದು ಹಡಗಿನಲ್ಲಿ ಇಪ್ಪತ್ತು ಇಪ್ಪತ್ತೆರಡು ಜನ. ಯಾರು ಯಾವತ್ತು ಹತ್ತಿದರು, ಯಾವತ್ತು ಇಳಿದರು, ಎಷ್ಟು ಮುಂಗಡ ತೆಗೆದುಕೊಂಡರು, ಮನೆಗೆ ಎಷ್ಟು ಹೋಗಬೇಕು, ಇದೇ ನನ್ನ ದಿನದ ಕೆಲಸ. ಈ ಕೆಲಸದಲ್ಲಿ ಒಂದು ಮಾತು ಎಲ್ಲರೂ ಯಾವಾಗಲಾದರೂ ಕೇಳಿಯೇ ಕೇಳುತ್ತಾರೆ: "ನಮ್ಮ ದುಡ್ಡು ನೀವು ಇಟ್ಕೊಂಡಿದ್ದೀರಿ." ಮೊದಲ ಸಲ ಕೇಳಿದಾಗ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ದಾಖಲೆ ತೆಗೆದು ಮುಂದಿಟ್ಟು ಸುಮ್ಮನಾಗುವುದು ಅಭ್ಯಾಸವಾಯಿತು.

ಆ ಅಭ್ಯಾಸ ತಪ್ಪು ಅಂತ ನನಗೆ ತಿಳಿದದ್ದು ನನ್ನ ಅಜ್ಜನ ಕಾಗದಗಳಿಂದ.

ಅಜ್ಜ ಅಂದರೆ ಅಮ್ಮನ ಅಪ್ಪ. ಕುಂದಾಪುರದ ಕಡೆಯವರು. ಮೆಟ್ರಿಕ್ ಮುಗಿಸಿ, ಊರಿನ ಇನ್ನೂ ಎಷ್ಟೋ ಜನರ ಹಾಗೆ ಮುಂಬಯಿಗೆ ಹೋಗಿ, ಬಂದರಿನ ಹತ್ತಿರ ಹಡಗಿನ ಏಜೆಂಟರೊಬ್ಬರ ಆಫೀಸಿನಲ್ಲಿ ಗುಮಾಸ್ತರಾದರು. ಅವರ ಕೆಲಸವೂ ಹಡಗಿನವರ ಸಂಬಳ ಬಟವಾಡೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, 1936ರಲ್ಲಿ ಅವರ ಮೇಲೆ ಹದಿನಾಲ್ಕು ಖಲಾಸಿಗಳು, ಅಂದರೆ ಹಡಗಿನ ಸಾಮಾನ್ಯ ಕೆಲಸಗಾರರು, ಅರ್ಜಿ ಕೊಟ್ಟಿದ್ದರು ಅನ್ನೋದು. ಸಂಬಳ ತಡೆಹಿಡಿದಿದ್ದಾರೆ, ಕಡಿಮೆ ಕೊಟ್ಟಿದ್ದಾರೆ, ಗುಮಾಸ್ತ ತಿಂದಿದ್ದಾನೆ ಅಂತ.

2018ರಲ್ಲಿ ಊರಿನ ಹಳೆ ಮನೆ ಕೆಡವುವಾಗ ದೊಡ್ಡಮ್ಮ ಜಾಗದ ಕಾಗದಪತ್ರದ ಕಟ್ಟನ್ನು ನನ್ನ ಕೈಗೆ ಕೊಟ್ಟರು. ಪಹಣಿ, ತೀರ್ವೆ ರಶೀದಿ, ಅವುಗಳ ನಡುವೆ ನಾಲ್ಕಾಗಿ ಮಡಚಿದ ಒಂಬತ್ತು ಫುಲ್‌ಸ್ಕೇಪ್ ಹಾಳೆ. "ಮಗಾ, ಇದ್ ಅಪ್ಪಯ್ಯಂದ್. ಸುಡ್ಬೇಡಿ ಅಂದಿದ್ರ್" ಅಂದರು. ಅದರಲ್ಲಿ ಏನಿದೆ ಅಂತ ಅವರಿಗೂ ಗೊತ್ತಿರಲಿಲ್ಲ. ಮೂರು ಹಾಳೆ ಅರ್ಜಿಯ ನಕಲು. ಎರಡು ಹಾಳೆ ಸಂಬಳದ ಪಟ್ಟಿ. ಉಳಿದ ನಾಲ್ಕು ಅದಕ್ಕೆ ಅಜ್ಜ ಬರೆದ ಕೈಫಿಯತ್ತಿನ, ಅಂದರೆ ಜವಾಬಿನ, ಕರಡು. ಇಂಗ್ಲಿಷಿನಲ್ಲಿ, ಮಸಿ ಪೆನ್ನಿನಲ್ಲಿ, ಹನ್ನೊಂದು ಪ್ಯಾರಾ. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ಕನ್ನಡ.

ಆಗಿನ ವ್ಯವಸ್ಥೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಲೆಕ್ಕ ಅರ್ಥ ಆಗೋದಿಲ್ಲ.

ಬ್ರಿಟಿಷ್ ಹಡಗುಗಳಲ್ಲಿ ನಮ್ಮವರನ್ನು ಲಸ್ಕರ್ ಅಂತ ಕರೆಯುತ್ತಿದ್ದರು. ಅವರ ಕರಾರೇ ಬೇರೆ, ಸಂಬಳವೇ ಬೇರೆ. ಅದೇ ಹಡಗಿನ ಬಿಳಿ ನಾವಿಕನ ಸಂಬಳದ ಮೂರನೇ ಒಂದು ಭಾಗವೂ ಇರಲಿಲ್ಲ. ಕೆಲಸಕ್ಕೆ ಒಬ್ಬೊಬ್ಬರಾಗಿ ಸೇರುತ್ತಿರಲಿಲ್ಲ, ತಂಡವಾಗಿ ಸೇರುತ್ತಿದ್ದರು. ತಂಡಕ್ಕೊಬ್ಬ ಮುಖ್ಯಸ್ಥ, ಅವನೇ ಸಾರಂಗ. ಅವನ ಕೆಳಗೆ ಅವನ ಸಹಾಯಕ ತಂಡೇಲ, ಚುಕ್ಕಾಣಿ ಹಿಡಿಯುವ ಸುಕಾನಿ, ಸಾಮಾನು ನೋಡುವ ಕಸಾಬ್, ಅಡುಗೆಯ ಭಂಡಾರಿ, ಗುಡಿಸುವ ಟೋಪಾಸ್, ಆಮೇಲೆ ಖಲಾಸಿಗಳು. ಕೆಳಗೆ ಎಂಜಿನ್ ಕಡೆ ಇನ್ನೊಬ್ಬ ಸಾರಂಗ, ಅವನ ಕೈಕೆಳಗೆ ಎಣ್ಣೆ ಹಾಕುವ ತೇಲ್‌ವಾಲಾ, ಬೆಂಕಿ ನೋಡುವ ಆಗ್‌ವಾಲಾ, ಕಲ್ಲಿದ್ದಲು ಹೊರುವ ಕೋಯ್ಲಾವಾಲಾ. ಅಜ್ಜನ ಪಟ್ಟಿಯಲ್ಲಿ ಈ ಹೆಸರುಗಳೆಲ್ಲ ಇವೆ. ಅರ್ಜಿ ಕೊಟ್ಟ ಹದಿನಾಲ್ಕು ಜನ ಮಾತ್ರ ಡೆಕ್ಕಿನ ಖಲಾಸಿಗಳು, ರತ್ನಾಗಿರಿ ಕಡೆಯವರು.

ಕಾನೂನು ಇರಲಿಲ್ಲ ಅಂತಲ್ಲ. 1923ರ ಇಂಡಿಯನ್ ಮರ್ಚೆಂಟ್ ಶಿಪ್ಪಿಂಗ್ ಆಕ್ಟ್ ಇತ್ತು. ಖಲಾಸಿಯನ್ನು ಸೇರಿಸಿಕೊಳ್ಳುವುದು, ಬಿಡುಗಡೆ ಮಾಡುವುದು, ಸಂಬಳ ಚುಕ್ತಾ ಮಾಡುವುದು ಎಲ್ಲ ಶಿಪ್ಪಿಂಗ್ ಮಾಸ್ಟರ್ ಅನ್ನುವ ಸರ್ಕಾರಿ ಅಧಿಕಾರಿಯ ಎದುರಿಗೇ ಆಗಬೇಕು. ಸಂಬಳದ ಲೆಕ್ಕದ ಚೀಟಿ ಮೊದಲೇ ಕೊಡಬೇಕು. 1894ರ ಬ್ರಿಟಿಷ್ ಕಾನೂನಿನಲ್ಲಿ ಒಂದು ಒಳ್ಳೆಯ ನಿಯಮ ಇತ್ತು: ಆ ಚೀಟಿಯಲ್ಲಿ ಬರೆಯದ ಕಡಿತವನ್ನು ಮಾಡುವ ಹಾಗೇ ಇರಲಿಲ್ಲ. ನಾನು ಇವತ್ತು ಕಂಪ್ಯೂಟರಿನಲ್ಲಿ ಮಾಡುವ ಸಂಬಳದ ಚೀಟಿಯ ಮನೆಗಳು ಹೆಚ್ಚು ಕಡಿಮೆ ಅವೇ. ಗಳಿಕೆ, ಮುಂಗಡ, ಮನೆಗೆ ಕಳಿಸಿದ್ದು, ಹಡಗಿನಲ್ಲಿ ತೆಗೆದುಕೊಂಡ ನಗದು, ಹಡಗಿನ ಅಂಗಡಿಯ ಸಾಮಾನು, ಬಾಕಿ.

ಹಾಗಾಗಿ ಅಜ್ಜನ ಪಟ್ಟಿ ನೋಡಿದ ತಕ್ಷಣ ನನಗೆ ಅದು ಓದಲಿಕ್ಕೆ ಬಂತು. ಅಜ್ಜ ಕಳ್ಳರೋ ಅಲ್ಲವೋ ಅನ್ನೋದನ್ನು ಮನೆಯವರ ಮಾತಿನಿಂದ ತೀರ್ಮಾನ ಮಾಡೋದು ಬೇಡ, ಲೆಕ್ಕದಿಂದಲೇ ನೋಡೋಣ ಅಂತ ಕೂತೆ. ಹೊರಗಿನವರ ಲೆಕ್ಕ ತಪಾಸಣೆ ಮಾಡುವ ಹಾಗೆಯೇ.

ಮೊದಲ ಎರಡು ದಿನ ದಂಡವಾಯಿತು. ರೂಪಾಯಿ, ಆಣೆ, ಪೈ ಮೂರನ್ನೂ ಒಂದೇ ಮನೆಯಲ್ಲಿ ಚುಕ್ಕಿ ಇಟ್ಟು ತುಂಬಿಸಿದ್ದೆ. 9 ರೂಪಾಯಿ 4 ಆಣೆಯನ್ನು 9.4 ಅಂತ ಹಾಕಿದರೆ ಹೇಗೆ ತಾಳೆ ಆಗುತ್ತೆ? ಆಮೇಲೆ ಎಲ್ಲವನ್ನೂ ಪೈಗೆ ಇಳಿಸಿದೆ. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ, ಅಂದರೆ ಒಂದು ರೂಪಾಯಿಗೆ 192 ಪೈ. ಕೂಡಿ ಕಳೆದು, ಕೊನೆಯಲ್ಲಿ ಮತ್ತೆ ರೂಪಾಯಿಗೆ ಏರಿಸಿದೆ. ಹಳೆ ಲೆಕ್ಕಪತ್ರ ಕೈಗೆತ್ತಿಕೊಳ್ಳುವವರು ಇದನ್ನು ಮೊದಲ ದಿನವೇ ಮಾಡಿಕೊಳ್ಳಿ.

ಒಬ್ಬ ಖಲಾಸಿಯ ಲೆಕ್ಕ ಪೂರ್ತಿ ಹೇಳುತ್ತೇನೆ. ತಿಂಗಳಿಗೆ 20 ರೂಪಾಯಿ. ಹನ್ನೊಂದು ತಿಂಗಳು ಆರು ದಿನ. ಗಳಿಕೆ 224 ರೂಪಾಯಿ. ಮುಂಗಡ 20. ಮನೆಗೆ ತಿಂಗಳಿಗೆ 8ರ ಹಾಗೆ ಒಂಬತ್ತು ತಿಂಗಳು, 72. ಲಂಡನ್ನಿನಲ್ಲಿ ನಗದು ತೆಗೆದುಕೊಂಡದ್ದು ಒಂದೂವರೆ ಪೌಂಡು, ಅದಕ್ಕೆ 20 ರೂಪಾಯಿ. ಸೋಪು, ತಂಬಾಕು, ಒಂದು ಕಂಬಳಿ ಸೇರಿ ಹಡಗಿನ ಅಂಗಡಿಗೆ 9-4-0, ಅಂದರೆ 9 ರೂಪಾಯಿ 4 ಆಣೆ 0 ಪೈ. ಕಡಿತ ಒಟ್ಟು 121-4-0. ಬಾಕಿ 102-12-0. ಅದರ ಮುಂದೆ ಮೂರು ಅಕ್ಷರ: ಎಲ್.ಟಿ.ಐ. ಎಡಗೈ ಹೆಬ್ಬೆಟ್ಟು ಅಂತ ಅರ್ಥ. ಮೂಲ ಪಟ್ಟಿಯಲ್ಲಿ ಹೆಬ್ಬೆಟ್ಟೇ ಇರುತ್ತದೆ. ನಕಲಿನಲ್ಲಿ ಅಜ್ಜ ಅಕ್ಷರ ಬರೆದುಕೊಂಡಿದ್ದಾರೆ. ಅರ್ಜಿ ಕೊಟ್ಟವರದ್ದು ಹದಿನಾಲ್ಕು ಸಾಲು, ಹದಿನಾಲ್ಕು ಎಲ್.ಟಿ.ಐ.

ಅದೇ ಖಲಾಸಿ ಅರ್ಜಿಯಲ್ಲಿ ಹೇಳಿದ್ದು: "ನನ್ನ ಕೈಗೆ ಬಂದದ್ದು 61 ರೂಪಾಯಿ."

ವ್ಯತ್ಯಾಸ 41 ರೂಪಾಯಿ 12 ಆಣೆ. ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಹದಿನಾಲ್ಕು ಜನರದ್ದು ಸೇರಿಸಿದರೆ 580 ರೂಪಾಯಿ ದಾಟುತ್ತದೆ. ಅಜ್ಜನ ಸಂಬಳ ಆಗ ತಿಂಗಳಿಗೆ 35. ಹೊಟ್ಟೆಯಲ್ಲಿ ಒಂಥರಾ ಆಯಿತು, ಸುಳ್ಳು ಯಾಕೆ ಹೇಳಲಿ.

ಒಬ್ಬ ಸಂಬಳದ ಗುಮಾಸ್ತ ಕದಿಯಬೇಕು ಅಂದುಕೊಂಡರೆ ಎಲ್ಲಿ ಕದಿಯಬಹುದು ಅನ್ನೋದು ನನಗೆ ಗೊತ್ತು. ಕಣ್ಣಿಗೆ ಬೀಳದ ಜಾಗ ಎರಡು. ಒಂದು ದಿನಗಳ ಎಣಿಕೆ, ಇನ್ನೊಂದು ವಿದೇಶಿ ಹಣದ ದರ. ನೇರ ಅಲ್ಲಿಗೇ ಹೋದೆ.

ದರ ಮೊದಲು. 1927ರಿಂದ ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್ ಅಂತ ಸರ್ಕಾರ ನಿಗದಿ ಮಾಡಿತ್ತು. ಆ ಲೆಕ್ಕದಲ್ಲಿ ಒಂದು ಪೌಂಡಿಗೆ 13-5-4. ಅದಕ್ಕೂ ಹಿಂದೆ, ಮೊದಲ ಮಹಾಯುದ್ಧದ ತನಕ, ಒಂದು ಶಿಲಿಂಗ್ ನಾಲ್ಕು ಪೆನ್ಸ್ ಇತ್ತು. ಪೌಂಡಿಗೆ ಸರಿಯಾಗಿ 15 ರೂಪಾಯಿ. ಹಳೆ ಖಲಾಸಿಗಳ ತಲೆಯಲ್ಲಿ ಆ ಹದಿನೈದೇ ಕೂತಿತ್ತು. ಹಡಗಿನಲ್ಲಿ ತೆಗೆದುಕೊಂಡ ಪೌಂಡನ್ನು ಹದಿನೈದರ ಹಾಗೆ ಮುರಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಒಂದೂವರೆ ಪೌಂಡಿಗೆ 22-8-0 ಆಗುತ್ತಿತ್ತು, ತಲಾ ಎರಡೂವರೆ ರೂಪಾಯಿ ಉಳಿಯುತ್ತಿತ್ತು. ಹದಿನಾಲ್ಕೂ ಜನ ಅಷ್ಟಷ್ಟೇ ತೆಗೆದುಕೊಂಡಿದ್ದರು. ಒಟ್ಟು 35 ರೂಪಾಯಿ, ಅಜ್ಜನ ಒಂದು ತಿಂಗಳ ಸಂಬಳ. ಅಜ್ಜ ಹದಿಮೂರು ಐದು ನಾಲ್ಕರ ದರವನ್ನೇ ಹಾಕಿದ್ದಾರೆ. ಹದಿನಾಲ್ಕು ಸಾಲಿನಲ್ಲೂ 20-0-0. ಒಂದು ಪೈ ಆಚೀಚೆ ಇಲ್ಲ.

ಈ ಸಾಲು ತಾಳೆಯಾದಾಗ ಖುಷಿ ತಡೆಯಲಾಗಲಿಲ್ಲ. ಎದ್ದು ಹೋಗಿ ಅಮ್ಮನಿಗೆ ಫೋನ್ ಮಾಡಿದೆ.

ದಿನಗಳ ಎಣಿಕೆಯಲ್ಲಿ ತಪ್ಪು ಸಿಕ್ಕಿತು. ಹಡಗು ಬಂದರಿಗೆ ಬಂದದ್ದು ಶನಿವಾರ. ಖಲಾಸಿಗಳಿಗೆ ಬಿಡುಗಡೆ ಆದದ್ದು ಮಂಗಳವಾರ. ಲೆಕ್ಕ ಶನಿವಾರಕ್ಕೇ ನಿಂತಿದೆ. ನಡುವಿನ ಮೂರು ದಿನ ಅವರು ಹಡಗಿನಲ್ಲೇ ಕೆಲಸ ಮಾಡಿದ್ದಾರೆ. ತಲಾ 2 ರೂಪಾಯಿ ಕಡಿಮೆ, ಒಟ್ಟು 28. ಅರ್ಜಿಯಲ್ಲಿ ಈ ತಕರಾರೂ ಇತ್ತು. ಅಜ್ಜನ ಕೈಫಿಯತ್ತಿನ ಏಳನೇ ಪ್ಯಾರಾ ಇದನ್ನು ಒಪ್ಪಿಕೊಳ್ಳುತ್ತದೆ. ಬಿಡುಗಡೆಯ ದಿನದವರೆಗೆ ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ, ತಪ್ಪು ನನ್ನದು, 28 ರೂಪಾಯಿ ಕೊಡಲು ಅಪ್ಪಣೆ ಆಗಬೇಕು ಅಂತ ಬರೆದಿದ್ದಾರೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಕನ್ನಡದಲ್ಲಿ: "ಆಫೀಸಿನ ಪದ್ಧತಿ. ಹೇಳುವ ಹಾಗಿಲ್ಲ." ಅಂದರೆ ಶನಿವಾರಕ್ಕೆ ನಿಲ್ಲಿಸು ಅಂದವರು ಮೇಲಿನವರು. ಹೆಸರು ಹೊತ್ತುಕೊಂಡದ್ದು ಗುಮಾಸ್ತ. ಈ ಕೆಲಸದಲ್ಲಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ 41-12-0 ಎಲ್ಲಿ ಹೋಯಿತು?

ಇದಕ್ಕೆ ಅಜ್ಜ ಒಂಬತ್ತನೇ ಪ್ಯಾರಾದಲ್ಲಿ ಉತ್ತರ ಕೊಟ್ಟಿದ್ದಾರೆ. ಬಟವಾಡೆ ಶಿಪ್ಪಿಂಗ್ ಮಾಸ್ಟರರ ಎದುರಿಗೇ ಆಗಿದೆ. ಪ್ರತಿಯೊಬ್ಬನ ಹೆಸರು ಕೂಗಿ, ಮೊತ್ತ ಹಿಂದೂಸ್ತಾನಿಯಲ್ಲಿ ಹೇಳಿ, ಎಣಿಸಿ ಕೊಡಲಾಗಿದೆ. ಹೆಬ್ಬೆಟ್ಟು ಬಿದ್ದಿದೆ. ಮುಂಗಡದ ರಶೀದಿಯ ಮೇಲೂ ಹೆಬ್ಬೆಟ್ಟು ಇದೆ, ಸಾಕ್ಷಿಗೆ ಸಾರಂಗನ ರುಜು ಇದೆ. ಆದ್ದರಿಂದ ತಡೆಹಿಡಿದ ಹಣ ಯಾವುದೂ ಇಲ್ಲ. ಬಿಗಿಯಾದ ಜವಾಬು. ನಾನು ಬರೆದಿದ್ದರೂ ಹೀಗೇ ಬರೆಯುತ್ತಿದ್ದೆ.

ಆದರೆ ಒಂಬತ್ತು ಮತ್ತು ಹತ್ತರ ನಡುವೆ ಇನ್ನೊಂದು ಪ್ಯಾರಾ ಇದೆ. ಮೇಲಿನಿಂದ ಕೆಳಗೆ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾರೆ. ಮಸಿ ಮಾಸಿದೆ, ಕಿಟಕಿಯ ಬೆಳಕಿಗೆ ಹಿಡಿದರೆ ಓದಬಹುದು. ಇಂಗ್ಲಿಷಿನಲ್ಲಿರುವುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಟವಾಡೆಯ ದಿನ ಮಧ್ಯಾಹ್ನ ಮೆಟ್ಟಿಲು ಇಳಿಯುವಾಗ ನೋಡಿದೆ. ಸಾರಂಗ ಕೆಳಗಿನ ಮೆಟ್ಟಿಲ ಹತ್ತಿರ ನಿಂತಿದ್ದ. ಇಳಿದು ಬಂದ ಒಬ್ಬೊಬ್ಬನೂ ಕೈಯಲ್ಲಿದ್ದ ಹಣ ಅವನಿಗೆ ಕೊಡುತ್ತಿದ್ದ. ಅವನು ಎಣಿಸಿ ಒಂದಿಷ್ಟು ತೆಗೆದುಕೊಂಡು, ಉಳಿದದ್ದನ್ನು ವಾಪಸು ಕೊಡುತ್ತಿದ್ದ. ಯಾರೂ ತಕರಾರು ಮಾಡಲಿಲ್ಲ. ಅಷ್ಟು ಬರೆದು ಗೆರೆ.

ತಲಾ ಎರಡು ರೂಪಾಯಿಯ ತಪ್ಪನ್ನು ತನ್ನದಲ್ಲದಿದ್ದರೂ ಹೊತ್ತುಕೊಂಡ ಮನುಷ್ಯ, ತಲಾ ನಲವತ್ತೊಂದು ರೂಪಾಯಿ ಹನ್ನೆರಡು ಆಣೆ ಯಾರ ಕೈ ಸೇರಿತು ಅಂತ ಕಣ್ಣಾರೆ ಕಂಡು, ಬರೆದು, ಹೊಡೆದುಹಾಕಿದ್ದಾರೆ.

ಆ ಹಾಳೆ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಗೆರೆ ಒಂದೇ ಸಲಕ್ಕೆ ಎಳೆದದ್ದಲ್ಲ. ಮೊದಲು ಒಂದು ತೆಳು ಗೆರೆ, ಅದರ ಮೇಲೆ ಇನ್ನೊಂದು ದಪ್ಪ ಗೆರೆ. ಎರಡರ ಮಸಿಯ ಬಣ್ಣ ಬೇರೆ. ಒಂದು ದಿನ ಎಳೆದು, ಇನ್ನೊಂದು ದಿನ ಮತ್ತೆ ಎಳೆದಿರಬೇಕು.

ಸಾರಂಗ ಯಾಕೆ ಹಣ ತೆಗೆದುಕೊಂಡ, ಇವರು ಯಾಕೆ ಕೊಟ್ಟರು? ಕೆಲಸ ಕಡಿಮೆ, ಕಾಯುವವರು ಜಾಸ್ತಿ. ಒಂದು ಸಲ ಹಡಗು ಇಳಿದರೆ ಮತ್ತೆ ಹತ್ತಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಮುಂಬಯಿಯಲ್ಲಿ ಊಟ, ವಸತಿ ಸಾಲದಲ್ಲಿ. ಗೋವೆಯವರಿಗೆ ಧೋಬಿ ತಲಾವ್ ಕಡೆ ಊರೂರಿನ 'ಕೂಡು' ಅನ್ನುವ ವಸತಿಮನೆಗಳಿದ್ದವು, ತಮ್ಮೂರಿನ ಮನೆಯಲ್ಲಿ ಅಗ್ಗಕ್ಕೆ ಮಲಗಬಹುದಿತ್ತು. ಉಳಿದ ಎಷ್ಟೋ ಜನರಿಗೆ ಸಾಲ ಕೊಡುವವನೂ ಸಾರಂಗನೇ, ಅಥವಾ ಸಾರಂಗನಿಗೆ ಬೇಕಾದವನೇ. ತಂಡಕ್ಕೆ ಸೇರಿಸಿಕೊಳ್ಳಲು ಒಂದು ತಿಂಗಳ ಮುಂಗಡ ಅವನಿಗೆ. ಇಳಿದ ಮೇಲೆ ಸಾಲ, ಬಡ್ಡಿ ಅವನಿಗೆ. ಅವನೂ ಮೇಲಿನವರಿಗೆ ಕೊಡಬೇಕಿತ್ತು. ಹಾಗಾಗಿ ಅವನೊಬ್ಬನನ್ನೇ ರಾಕ್ಷಸ ಅಂತ ನಾನು ಹೇಳಲಾರೆ.

ಇದು ಗುಟ್ಟಾಗಿಯೂ ಇರಲಿಲ್ಲ. 1920ರಲ್ಲಿ ಜಿನೋವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ನಾವಿಕರಿಗೆ ಕೆಲಸ ಕೊಡಿಸಲು ಯಾರೂ ಲಾಭಕ್ಕಾಗಿ ದುಡ್ಡು ತೆಗೆದುಕೊಳ್ಳಬಾರದು ಅಂತ ಒಪ್ಪಂದ ಮಾಡಿತು. ಅದರ ಬೆನ್ನಿಗೆ 1922ರಲ್ಲಿ ಕಲ್ಕತ್ತೆಯ ನಾವಿಕರ ನೇಮಕಾತಿ ಬಗ್ಗೆ ಒಂದು ಸಮಿತಿ ಕೂತಿತು. ಭಾರತದ ಕಾರ್ಮಿಕರ ಸ್ಥಿತಿ ನೋಡಿ 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ನೂ ಈ ಲಂಚದ ವಿಷಯ ಎತ್ತಿತು. ಅಂದರೆ ಬಂದರಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹೆಬ್ಬೆಟ್ಟು ಬಿದ್ದರೆ ಕಡತ ಮುಗಿಯಿತು. ಕಾನೂನು ನೋಡುತ್ತಿದ್ದದ್ದು ಮೇಜಿನ ತನಕ. ಮೆಟ್ಟಿಲ ಕೆಳಗಿನದ್ದು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಜ್ಜ ಯಾಕೆ ಹೊಡೆದುಹಾಕಿದರು ಅನ್ನೋದು ನನಗೆ ಅರ್ಥವಾಗುತ್ತದೆ. ತಂಡ ತಂದುಕೊಡುವವನು ಸಾರಂಗ. ಆಫೀಸಿಗೆ ಅವನು ಬೇಕು. ಅವನ ಮೇಲೆ ಬರೆದ ಗುಮಾಸ್ತ ಬೇಕಾಗುವುದಿಲ್ಲ. ಊರಿನಲ್ಲಿ ಹೆಂಡತಿ, ಮೂರು ಮಕ್ಕಳು, ತಿಂಗಳಿಗೆ ಹದಿನೈದು ರೂಪಾಯಿಯ ಮನಿಯಾರ್ಡರ್. ಅರ್ಥವಾಗುತ್ತದೆ, ಆದರೆ ಸರಿ ಅಂತ ನಾನು ಹೇಳುವುದಿಲ್ಲ. ಹದಿನಾಲ್ಕು ಜನ ಸುಳ್ಳು ಹೇಳಿರಲಿಲ್ಲ. ಕೈಗೆ ಬಂದದ್ದು 61 ರೂಪಾಯಿಯೇ. ಯಾರು ತೆಗೆದರು ಅಂತ ಬರೆಯಲು ಅವರಿಗೂ ಧೈರ್ಯ ಇರಲಿಲ್ಲ, ಮುಂದಿನ ಹಡಗು ಸಿಗಬೇಕಲ್ವಾ? ಹಾಗಾಗಿ ಗುಮಾಸ್ತನ ಹೆಸರು ಬರೆದರು. ಗುಮಾಸ್ತನಿಗೂ ಸಾರಂಗನ ಹೆಸರು ಬರೆಯಲು ಧೈರ್ಯ ಬರಲಿಲ್ಲ. ಅಜ್ಜ ಹೆಬ್ಬೆಟ್ಟು ತೋರಿಸಿದರು.

ಅಮ್ಮನನ್ನು ಕೇಳಿದೆ. ಅವರು ಆಗ ಹುಟ್ಟಿರಲಿಲ್ಲ. ಅಮ್ಮಮ್ಮ ಹೇಳುತ್ತಿದ್ದ ಒಂದು ಮಾತು ಮಾತ್ರ ನೆನಪಿದೆಯಂತೆ. ಒಂದು ವರ್ಷ ಚೌತಿಗೆ ಊರಿಗೆ ಬಂದವರು ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ಎಲೆ ಹಾಕಿ ಕರೆದರೂ "ಉಂಬುಕೆ ಮನ್ಸಿಲ್ಲ" ಅಂದರು ಅಂತ.

ಕೊನೆಯ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನ ನಾಲ್ಕು ಸಾಲು ಕನ್ನಡ ಇದೆ. ಇದು ಕೈಫಿಯತ್ತಿನ ಭಾಗ ಅಲ್ಲ. ತನಗೆ ತಾನೇ ಬರೆದುಕೊಂಡದ್ದು. "ಮುಂದಿನ ಬಟವಾಡೆಗೆ ಸಾರಂಗನನ್ನು ಕೊನೆಗೆ ಕರೆಯುವುದು. ಎಲ್ಲರೂ ಇಳಿದು ಹೋಗುವ ತನಕ ಅವನ ಲೆಕ್ಕ ತೆಗೆಯಬಾರದು. ಎಂಜಿನ್ ಸಾರಂಗನಿಗೂ ಹಾಗೇ. ಖಲಾಸಿಗೆ ಮೊತ್ತ ಎರಡು ಸಲ ಹೇಳುವುದು."

ಪಟ್ಟಿಯಲ್ಲಿ ಸಾರಂಗನ ಹೆಸರು ಯಾವಾಗಲೂ ಮೊದಲು. ಮೊದಲು ಹಣ ತೆಗೆದುಕೊಂಡು ಕೆಳಗೆ ಹೋಗಿ ನಿಲ್ಲುತ್ತಿದ್ದ. ಅವನನ್ನು ಕೊನೆಗೆ ಕರೆದರೆ, ಅವನು ಇಳಿಯುವಷ್ಟರಲ್ಲಿ ಉಳಿದವರು ಬೀದಿ ದಾಟಿರುತ್ತಾರೆ. ಸಾಲ ಅಷ್ಟಕ್ಕೇ ತೀರುವುದಿಲ್ಲ, ಸಂಜೆ ಕೋಣೆಗೆ ಬಂದು ಕೇಳಿಯೇ ಕೇಳುತ್ತಾನೆ. ಆದರೂ ಪೂರ್ತಿ ಹಣ ಒಂದಿಷ್ಟು ಹೊತ್ತು ಖಲಾಸಿಯ ಕೈಯಲ್ಲೇ ಇರುತ್ತದೆ. ಅಂಚೆ ಕಚೇರಿಗೆ ಹೋಗಬೇಕು ಅಂದರೆ ಹೋಗಬಹುದು. ಒಬ್ಬ ಸಣ್ಣ ಗುಮಾಸ್ತನ ಕೈಯಲ್ಲಿ ಆಗುವ ಕೆಲಸ ಇದು.

ಈ ಕಾಗದಗಳನ್ನು ಓದಿ ನಾಲ್ಕು ವರ್ಷ ಆದ ಮೇಲೆ, 2022ರಲ್ಲಿ, ನನ್ನ ಮೇಲೆಯೇ ದೂರು ಬಂತು. ಒಬ್ಬ ಹುಡುಗ, ಮೊದಲ ಹಡಗು, ಡೆಕ್ಕಿನ ಕೆಲಸ. ಅವನ ತಂದೆ ಕಂಪನಿಗೂ ಸರ್ಕಾರಕ್ಕೂ ಬರೆದಿದ್ದರು. ಮೂರು ತಿಂಗಳಿಂದ ಮಗನ ಸಂಬಳ ಬಂದಿಲ್ಲ, ಸಂಬಳದ ವಿಭಾಗದವರು ತಡೆಹಿಡಿದಿದ್ದಾರೆ ಅಂತ. ಇದು ಸಣ್ಣ ಮಾತಲ್ಲ. 2006ರ ಕಡಲ ಕಾರ್ಮಿಕ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿದೆ. ಅದರ ಪ್ರಕಾರ ತಿಂಗಳಿಗೊಮ್ಮೆ ಸಂಬಳ ಕೊಡಲೇಬೇಕು, ಲೆಕ್ಕದ ಚೀಟಿ ಕೊಡಲೇಬೇಕು. ಎರಡು ತಿಂಗಳು ಸಂಬಳ ಕೊಡದಿದ್ದರೆ ಹಡಗಿನವರನ್ನು ನಡುನೀರಿನಲ್ಲಿ ಕೈಬಿಟ್ಟ ಲೆಕ್ಕಕ್ಕೆ ಬರಬಹುದು.

ನಾನು ದಾಖಲೆ ತೆಗೆದೆ. ಮೂರು ತಿಂಗಳೂ ಹಣ ಹೋಗಿದೆ. ಹುಡುಗನ ಹೆಸರಿನ ಖಾತೆಗೇ ಹೋಗಿದೆ. ಮೂರಕ್ಕೂ ಬ್ಯಾಂಕಿನ ಯು.ಟಿ.ಆರ್. ನಂಬರ್, ಅಂದರೆ ಹಣ ಕಳಿಸಿದ್ದರ ಗುರುತಿನ ಸಂಖ್ಯೆ, ಇದೆ. ಉತ್ತರ ಟೈಪ್ ಮಾಡಿದೆ, ಮೂರೂ ನಂಬರ್ ಹಾಕಿದೆ, "ಆದ್ದರಿಂದ ತಡೆಹಿಡಿದ ಹಣ ಯಾವುದೂ ಇಲ್ಲ" ಅಂತ ಮುಗಿಸಿದೆ.

ಆ ಕೊನೆಯ ಸಾಲು ಓದುವಾಗ ಕೈ ನಿಂತಿತು. ಇದು ಅಜ್ಜನ ಒಂಬತ್ತನೇ ಪ್ಯಾರಾ. ಹೆಬ್ಬೆಟ್ಟಿನ ಜಾಗದಲ್ಲಿ ಯು.ಟಿ.ಆರ್. ಇದೆ, ಅಷ್ಟೇ.

ಉತ್ತರ ಕಳಿಸಲಿಲ್ಲ. ಕ್ಯಾಪ್ಟನ್‌ಗೆ ಬರೆದು, ಹುಡುಗನ ಹತ್ತಿರ ಒಬ್ಬನೇ ಇರುವಾಗ ಮಾತಾಡಬೇಕು ಅಂದೆ. ಮರುದಿನ ಸಿಕ್ಕಿದ. ಹೆದರಿದ್ದ. ಹಣ ಬಂದಿದೆಯಾ ಅಂತ ಕೇಳಲಿಲ್ಲ. ಖಾತೆ ಯಾರು ತೆರೆಸಿದರು, ಎ.ಟಿ.ಎಂ. ಕಾರ್ಡ್ ಯಾರ ಹತ್ತಿರ ಇದೆ, ಒ.ಟಿ.ಪಿ. ಯಾರ ಮೊಬೈಲಿಗೆ ಬರುತ್ತದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಊರಿನಲ್ಲಿ ಕೆಲಸ ಕೊಡಿಸಿದ ಒಬ್ಬ ಮನುಷ್ಯ, ಖಾತೆ ತೆರೆಸಿದ್ದೂ ಅವನೇ, ಕಾರ್ಡ್ ಅವನದೇ ಜೇಬಿನಲ್ಲಿ, ಮೊಬೈಲ್ ನಂಬರೂ ಅವನದೇ. ಮೊದಲ ಆರು ತಿಂಗಳ ಸಂಬಳ ಅವನಿಗೆ ಅಂತ ಮಾತಾಗಿತ್ತು. ತಂದೆಗೆ ಇದನ್ನು ಹೇಳಿರಲಿಲ್ಲ.

ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಇವತ್ತಿನ ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆ ಮನುಷ್ಯನಿಗೆ ಲೈಸೆನ್ಸೂ ಇರಲಿಲ್ಲ. ಸಾರಂಗ ಈಗ ಹಡಗು ಹತ್ತುವುದಿಲ್ಲ, ಊರಿನಲ್ಲೇ ಕೂತಿರುತ್ತಾನೆ. ಮೆಟ್ಟಿಲು ಮೊಬೈಲಿನೊಳಗೆ ಬಂದಿದೆ.

ಆ ತಿಂಗಳ ಸಂಬಳ ಖಾತೆಗೆ ಹಾಕದೆ ಹಡಗಿನಲ್ಲೇ ನಗದು ಕೊಡಿಸಿದೆ. ಅವನ ಬರಹದ ಕೋರಿಕೆ ಪತ್ರ ತರಿಸಿಕೊಂಡು, ಲೆಕ್ಕದ ಚೀಟಿಯಲ್ಲಿ ಬರೆದು. ಹೊಸ ಖಾತೆ, ಅವನದೇ ನಂಬರ್. ಇದೆಲ್ಲ ಆಗಲು ಏಳು ವಾರ ಹಿಡಿಯಿತು. ಸರ್ಕಾರಕ್ಕೆ ಕಳಿಸಿದ ಉತ್ತರದಲ್ಲಿ ಮೂರು ಯು.ಟಿ.ಆರ್. ನಂಬರ್ ಹಾಕಿದೆ. ಅದರ ಕೆಳಗೆ, ಹಣ ಹುಡುಗನ ಕೈ ಸೇರಿಲ್ಲ, ದೂರು ನಿಜ, ಯಾರ ಕೈ ಸೇರಿದೆ ಅಂದರೆ ಇಂಥವರ ಕೈ, ಅಂತ ಒಂದು ಪ್ಯಾರಾ ಬರೆದೆ. ನನ್ನ ಮೇಲಿನವರು "ಇದು ನಮಗೆ ಯಾಕೆ, ನಮ್ಮ ಕಡೆ ಸರಿಯಾಗಿದೆಯಲ್ಲ, ತೆಗೆದುಬಿಡಿ" ಅಂದರು. ಅಜ್ಜನ ಹಾಳೆಯ ಫೋಟೋ ನನ್ನ ಫೋನಿನಲ್ಲಿತ್ತು. ತೋರಿಸಿದೆ, ಹೊಡೆದುಹಾಕಿದ ಜಾಗವನ್ನು ಓದಿ ಹೇಳಿದೆ. ಅವರು ಬಹಳ ಹೊತ್ತು ನೋಡಿ, ಪ್ಯಾರಾ ಇರಲಿ ಅಂದರು. ಹೋದ ಮೂರು ತಿಂಗಳ ಹಣ ಮಾತ್ರ ವಾಪಸು ಬರಲಿಲ್ಲ. ಅದು ನನಗೆ ಇವತ್ತಿಗೂ ಕೊರೆಯುತ್ತದೆ.

ಆಮೇಲಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮೊದಲ ಸಲ ಹಡಗು ಹತ್ತುವ ಪ್ರತಿಯೊಬ್ಬರಿಗೂ ಮೊದಲ ಸಂಬಳ ಹೋದ ಮೂರನೇ ದಿನ ಫೋನ್ ಮಾಡುತ್ತೇನೆ. ಏಜೆಂಟಿಗಲ್ಲ, ಮನೆಯವರಿಗೂ ಅಲ್ಲ, ಅವರಿಗೇ. ಮೊತ್ತ ಎರಡು ಸಲ ಹೇಳುತ್ತೇನೆ. ಹೋದ ವಾರ ಒಬ್ಬ ಕಾರವಾರದ ಕಡೆಯ ಹುಡುಗ ಸಿಕ್ಕಿದ್ದ. ಹಿಂದೆ ಎಂಜಿನ್ನಿನ ಸದ್ದು, ಅರ್ಧ ಮಾತು ಕೇಳಿಸುತ್ತಿರಲಿಲ್ಲ.

"ಹಣ ಬಂತಾ?" ಅಂದೆ.

"ಖಾತೆಗೆ ಬಂದಿದೆ ಸರ್, ಮೆಸೇಜ್ ಬಂತು."

"ಮೆಸೇಜ್ ಯಾರ ಫೋನಿಗೆ ಬಂತು?"

"ನಂದಕ್ಕೇ ಸರ್" ಅಂದ. ಆಮೇಲೆ, "ಅಮ್ಮನಿಗೆ ಐದು ಸಾವಿರ ಕಳಿಸಿದೆ ಸರ್, ಈಗಷ್ಟೇ" ಅಂದ.